ರೆಡಿ ಕ್ಯಾಶ್ ಎಂದರೆ ಶೋರೂಮಿನ ಮುಖ ಯಾಕೆ ಬಾಡುತ್ತದೆ?

‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ನೋಡದೆ ಬೆಳೆದ ಕನ್ನಡಿಗರು ಯಾರಿದ್ದಾರೆ? ಕಿರಾಣಿ ಅಂಗಡಿಯ ತಕ್ಕಡಿಯ ಹಿಂದೆ, ಗೊಬ್ಬರದಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅದು ನೇತಾಡುತ್ತಲೇ ಇರುತ್ತದೆ. ದುಡ್ಡು ಎಣಿಸುವವನಿಗೆ ಕುರ್ಚಿ, ಉದ್ರಿ ಕೇಳುವವನಿಗೆ ಬಾಗಿಲು. ಸಾವಿರಾರು ವರ್ಷದಿಂದ ವ್ಯಾಪಾರ ನಡೆದದ್ದೇ ಹೀಗೆ. ಆದರೆ ಇದೇ ನಾಡಿನಲ್ಲಿ, ಇದೇ ಮುಖ್ಯರಸ್ತೆಯಲ್ಲಿ, ಆಳೆತ್ತರದ ಗಾಜಿನ ಹಿಂದೆ ಇನ್ನೊಂದು ಬಗೆಯ ಅಂಗಡಿ ಇದೆ. ಅಲ್ಲಿ ‘ಪೂರ್ತಿ ದುಡ್ಡು ಈಗಲೇ ಕೊಡ್ತೀನಿ’ ಅಂದರೆ ಕಾಫಿ ತಂದುಕೊಟ್ಟವರ ಉತ್ಸಾಹ ಇಳಿಯುತ್ತದೆ. ‘ದುಡ್ಡಿಲ್ಲ, ಸಾಲ ಬೇಕು’ ಅಂದರೆ ಮೂರು ಜನ ಎದ್ದು ಬರುತ್ತಾರೆ!

ಇದು ನನ್ನ ತಲೆಗೆ ಹೊಕ್ಕ ದಿನದಿಂದ ಕಾರಿನ ಶೋರೂಮನ್ನು ನೋಡುವ ನನ್ನ ದೃಷ್ಟಿಯೇ ಬದಲಾಗಿಹೋಯಿತು. ಅಲ್ಲಿ ಹೊಳೆಯುತ್ತಾ ನಿಂತಿರುವುದು ಕಾರು, ನಿಜ. ಮಾರಾಟಕ್ಕಿರುವ ಮುಖ್ಯ ಸರಕು ಅದೊಂದೇ ಅಲ್ಲ ಎಂದರೆ ನಂಬುತ್ತೀರಾ?

ಮೊದಲು ಒಂದು ಸಣ್ಣ ಸಂಗತಿ. ಚೀಲದಲ್ಲಿ ನೋಟಿನ ಕಟ್ಟು ಹೊತ್ತು ಹೋಗಿ ಕಾರು ತರುವ ಕಾಲ ಮುಗಿದು ವರ್ಷಗಳಾದವು. 2017ರ ಏಪ್ರಿಲ್ 1ರಿಂದ ಒಂದು ವ್ಯವಹಾರಕ್ಕೆ ಒಬ್ಬರಿಂದ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನೋಟು ಪಡೆಯುವಂತಿಲ್ಲ. ಪಡೆದರೆ ದಂಡ ಎಷ್ಟು ಗೊತ್ತೇ? ಪಡೆದಷ್ಟೇ ಮೊತ್ತ! ಅದೂ ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ. ಹಾಗಾಗಿ ಶೋರೂಮಿನ ಮಾತಿನಲ್ಲಿ ‘ಫುಲ್ ಕ್ಯಾಶ್’ ಎಂದರೆ ನೋಟಲ್ಲ. ನಿಮ್ಮದೇ ಖಾತೆಯಿಂದ ಆರ್‌ಟಿಜಿಎಸ್ಸೋ ಡಿಡಿಯೋ ಮಾಡಿ ಒಂದೇ ಸಲ ಚುಕ್ತಾ ಮಾಡುವುದು.

ಈಗ ಆ ಮೇಜಿನ ಹತ್ತಿರ ಬನ್ನಿ. ನಮ್ಮ ಭಾವ ಮೈಸೂರಿನಲ್ಲಿ ಮೇಷ್ಟ್ರು. ಎಂಟು ಲಕ್ಷದ ಎಫ್‌ಡಿ ಮುಗಿಯುವ ಹೊತ್ತಿಗೆ ಸರಿಯಾಗಿ ಕಾರಿನ ಆಸೆ ಚಿಗುರಿತ್ತು. ಜೊತೆಗೆ ನಾನೂ ಹೋಗಿದ್ದೆ. ಎದುರು ಕೂತ ಹುಡುಗ ಚುರುಕು, ವಿನಯವಂತ, ಒಳ್ಳೆಯವನೇ.

“ಫುಲ್ ಕ್ಯಾಶ್ ಕೊಡ್ತೀನಿ ಕಣಪ್ಪ, ರೇಟು ಹೇಳು” ಅಂದರು ಭಾವ.

“ಸರ್, ಎಫ್‌ಡಿ ಯಾಕ್ ಸರ್ ಮುರೀತೀರ?” ಹುಡುಗ ಕ್ಯಾಲ್ಕ್ಯುಲೇಟರನ್ನು ನಮ್ಮ ಕಡೆ ತಿರುಗಿಸಿಟ್ಟ. “ಎಂಟು ಲಕ್ಷ ಬ್ಯಾಂಕಲ್ಲೇ ಇರ್ಲಿ. ಏಳು ಪರ್ಸೆಂಟು, ಐದು ವರ್ಷ. ನೋಡಿ ಎಷ್ಟಾಗುತ್ತೆ.”

11,31,822. ಅಂದರೆ ಬಡ್ಡಿಯೇ ಮೂರು ಲಕ್ಷ ಮೂವತ್ತೊಂದು ಸಾವಿರದ ಚಿಲ್ಲರೆ.

“ಈಗ ಎಂಟು ಲಕ್ಷ ಲೋನ್ ಮಾಡಿ ಸರ್. ಒಂಬತ್ತು ಪರ್ಸೆಂಟು, ಅದೂ ಐದೇ ವರ್ಷ. ತಿಂಗಳಿಗೆ 16,607 ಕಟ್ತೀರ. ಒಟ್ಟು ಬಡ್ಡಿ ಎಷ್ಟು? ಒಂದು ಲಕ್ಷ ತೊಂಬತ್ತಾರು ಸಾವಿರ. ಬರೋದು ಮೂರೂ ಚಿಲ್ಲರೆ ಲಕ್ಷ, ಹೋಗೋದು ಎರಡಕ್ಕಿಂತ ಕಮ್ಮಿ. ಕಾರೂ ಬಂತು, ಎಫ್‌ಡೀನೂ ಉಳೀತು, ಮೇಲೆ ಒಂದು ಲಕ್ಷ ಮೂವತ್ತೈದು ಸಾವಿರ ಲಾಭ!”

ಭಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಒಂಬತ್ತಕ್ಕೆ ಸಾಲ ತಂದು ಏಳಕ್ಕೆ ಇಟ್ಟು ಲಾಭ ಮಾಡುವುದೆಂದರೆ! ಲೇವಾದೇವಿಯ ಅನುಭವವಿರುವ ಯಾರೂ ಒಪ್ಪದ ಮಾತು. ಆದರೆ ಕ್ಯಾಲ್ಕ್ಯುಲೇಟರು ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ನಾನೇ ಮತ್ತೆ ಲೆಕ್ಕ ಹಾಕಿದೆ. ಹುಡುಗ ತೋರಿಸಿದ ಒಂದೊಂದು ಅಂಕಿಯೂ ಸರಿ!

ಇಲ್ಲಿಂದಲೇ ಮಜಾ ಶುರುವಾಗುವುದು. ಅಂಕಿ ಎಲ್ಲವೂ ಸರಿ, ಲೆಕ್ಕ ಮಾತ್ರ ತಪ್ಪು. ಅದು ಹೇಗೆ?

ಸಾಲದ ಒಳಗನ್ನು ಬಿಚ್ಚಿ ನೋಡಿ. ಮೊದಲ ತಿಂಗಳು ಕಟ್ಟುವ 16,607ರಲ್ಲಿ 6,000 ರೂಪಾಯಿ ಬಡ್ಡಿ, ಉಳಿದದ್ದು ಅಸಲು. ಮುಂದಿನ ತಿಂಗಳು ಅಸಲು ಅಷ್ಟು ಇಳಿದಿರುತ್ತದೆ, ಬಡ್ಡಿಯೂ ಇಳಿಯುತ್ತದೆ. ಹೀಗೆ ಇಳಿದು ಇಳಿದು ಅರವತ್ತನೇ ಕಂತಿಗೆ ಬಂದಾಗ ಬಡ್ಡಿ ಎಷ್ಟು ಬಲ್ಲಿರಾ? ಬರೀ 124 ರೂಪಾಯಿ! ಎಂಟು ಲಕ್ಷ ಸಾಲ ಎನ್ನುತ್ತೇವೆ, ಆದರೆ ಐದು ವರ್ಷದ ಸರಾಸರಿ ತೆಗೆದರೆ ನಮ್ಮ ಮೇಲೆ ಇದ್ದದ್ದು ನಾಲ್ಕು ಲಕ್ಷ ಮೂವತ್ತಾರು ಸಾವಿರದಷ್ಟು ಸಾಲ ಮಾತ್ರ. ಅತ್ತ ಎಫ್‌ಡಿಯ ಕಥೆ ತದ್ವಿರುದ್ಧ. ಮೊದಲ ಮೂರು ತಿಂಗಳಿಗೆ 14,000 ರೂಪಾಯಿ ಬಡ್ಡಿ ಬಂದರೆ, ಕೊನೆಯ ಮೂರು ತಿಂಗಳಿಗೆ 19,466. ಸಾಲ ತಿಂಗಳು ತಿಂಗಳೂ ಕರಗುತ್ತದೆ, ಎಫ್‌ಡಿ ಮೂರು ತಿಂಗಳಿಗೊಮ್ಮೆ ಊದಿಕೊಳ್ಳುತ್ತದೆ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಯಾವುದು ದೊಡ್ಡದು ಎಂದು ಕೇಳಿದರೆ ಉತ್ತರ ಏನು ಬರಬೇಕೋ ಅದೇ ಬಂತು.

ಹಾಗಾದರೆ ಸಾಲವನ್ನು ಕರಗಿಸಿದ್ದು ಯಾರು? ಹುಡುಗನ ಲೆಕ್ಕದಲ್ಲಿ ಎಲ್ಲೂ ಕಾಣದ ಒಬ್ಬ ಮನುಷ್ಯ: ಭಾವನ ಸಂಬಳ! ತಿಂಗಳು ತಿಂಗಳೂ ಬಂದು 16,607 ರೂಪಾಯಿ ಸುರಿದು ಹೋಗುವ ಆ ಸಂಬಳಕ್ಕೆ ಕ್ಯಾಲ್ಕ್ಯುಲೇಟರಿನಲ್ಲಿ ಜಾಗವೇ ಇರಲಿಲ್ಲ. ಅದನ್ನೂ ಒಳಗೆ ಕರೆಯಿರಿ. ಭಾವ ಎಂಟು ಲಕ್ಷವನ್ನು ಇವತ್ತೇ ಕೊಟ್ಟು ಕಾರು ತಂದರು ಅನ್ನಿ. ಕಂತಿಗೆ ಹೋಗಬೇಕಿದ್ದ 16,607 ಈಗ ಕೈಯಲ್ಲೇ ಉಳಿಯಿತು. ಅದನ್ನು ಅದೇ ಬ್ಯಾಂಕಿನಲ್ಲಿ, ಅದೇ ಏಳು ಪರ್ಸೆಂಟಿಗೆ, ಅದೇ ಅರವತ್ತು ತಿಂಗಳು ಆರ್‌ಡಿ ಕಟ್ಟಿದರೆ ಸಿಗುವುದು 11,87,000ಕ್ಕೂ ಮೇಲೆ! ಎಫ್‌ಡಿ ಉಳಿಸಿಕೊಂಡವರಿಗೆ ಸಿಕ್ಕದ್ದು 11,31,822. ಕಾರು ಎರಡೂ ಕಡೆ ಒಂದೇ, ವರ್ಷ ಒಂದೇ, ಸಂಬಳ ಒಂದೇ. ಫುಲ್ ಕ್ಯಾಶ್ ಕೊಟ್ಟವರೇ ಐವತ್ತೈದು ಸಾವಿರಕ್ಕಿಂತ ಹೆಚ್ಚು ಮುಂದೆ! ಇದರ ಮೇಲೆ ಎಫ್‌ಡಿ ಬಡ್ಡಿಗೆ ಆದಾಯ ತೆರಿಗೆ ಇದೆ. ಆರ್‌ಡಿಗೂ ಇದೆ, ಆದರೆ ಅಲ್ಲಿ ಬಡ್ಡಿಯ ಭಾಗ ಕಡಿಮೆ. ಸಂಬಳದಾರರಿಗೆ ಕಾರು ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿಯೂ ಇಲ್ಲ. ಅಂದರೆ ಅಂತರ ಇನ್ನೂ ಹಿಗ್ಗುತ್ತದೆ.

ಇಲ್ಲೊಂದು ಷರತ್ತಿದೆ, ಅದನ್ನು ಮುಚ್ಚಿಡಬಾರದು. ಉಳಿದ 16,607ನ್ನು ನಿಜವಾಗಿಯೂ ಕಟ್ಟಬೇಕು. ಹೋಟೆಲು, ಹಬ್ಬ, ಹೊಸ ಫೋನು ಎಂದು ಅದು ಸೋರಿಹೋದರೆ ಲೆಕ್ಕ ತಲೆಕೆಳಗು. ಬ್ಯಾಂಕು ಹೆದರಿಸುವುದರಿಂದ ಸಾಲದ ಕಂತನ್ನು ಕಟ್ಟುತ್ತೇವೆ. ನಮ್ಮದೇ ಆರ್‌ಡಿಗೆ ಹೆದರುವವರು ಯಾರು?

ಸರಿ, ಶೋರೂಮಿಗೆ ಮರಳೋಣ. ಸಾಲ ಕೊಡುವುದು ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ. ಬಡ್ಡಿ ಹೋಗುವುದೂ ಅವರಿಗೆ. ಅಂದಮೇಲೆ ಕಾರು ಮಾರುವವರಿಗೆ ಇಷ್ಟು ಆಸ್ಥೆ ಏಕೆ? ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ, ಗ್ರಾಹಕರ ಎದುರು ಯಾರೂ ಆಡದ ಮಾತೊಂದಿದೆ: ಪೇಔಟ್. ಶೋರೂಮಿನ ಮೂಲಕ ಪಾಸಾದ ಪ್ರತಿ ಸಾಲಕ್ಕೂ ಫೈನಾನ್ಸ್ ಕೊಟ್ಟವರು ಡೀಲರಿಗೆ ಇಂತಿಷ್ಟು ಎಂದು ಕೊಡುತ್ತಾರೆ. ಸಾಲ ದೊಡ್ಡದಾದಷ್ಟೂ ಪೇಔಟ್ ದೊಡ್ಡದು. ಹೊಸ ಕಾರಿನ ಮೇಲೆ ಡೀಲರಿಗೆ ಸಿಗುವ ಮಾರ್ಜಿನ್ನು ತೆಳು, ಅದರಲ್ಲೂ ಒಂದು ಪಾಲು ಡಿಸ್ಕೌಂಟಿಗೆ ಹೋಗುತ್ತದೆ. ಹೊಟ್ಟೆ ತುಂಬುವುದು ಇನ್ಶೂರೆನ್ಸು, ಆಕ್ಸೆಸರೀಸು, ಎಕ್ಸ್‌ಟೆಂಡೆಡ್ ವಾರಂಟಿ, ಸರ್ವೀಸು ಮತ್ತು ಈ ಪೇಔಟಿನಿಂದ. ಫುಲ್ ಕ್ಯಾಶ್ ಗಿರಾಕಿ ಬಂದರೆಂದರೆ ಒಂದು ಆದಾಯದ ಕೊಳಾಯಿ ಬಂದ್!

ಇನ್ನೂ ಚೋದ್ಯ ಕೇಳಿ. ಆ ಗಾಜಿನ ಹಿಂದೆ ನಿಂತ ಕಾರುಗಳನ್ನು ಡೀಲರು ಕೂಡ ಸಾಲದಲ್ಲೇ ತಂದಿರುತ್ತಾರೆ. ಕಂಪನಿ ಕಾರು ಕಳಿಸುವ ಮುಂಚೆ ದುಡ್ಡು ಕೇಳುತ್ತದೆ. ಡೀಲರು ಬ್ಯಾಂಕಿನಿಂದ ತಂದು ಕಟ್ಟುತ್ತಾರೆ. ಕಾರು ಮಾರಾಟವಾಗುವವರೆಗೆ ದಿನಕ್ಕಿಷ್ಟು ಬಡ್ಡಿ ಓಡುತ್ತಲೇ ಇರುತ್ತದೆ. ಡಿಸೆಂಬರಿನಲ್ಲಿ ಡಿಸ್ಕೌಂಟು ಜೋರಾಗುವುದಕ್ಕೆ ಮುಂದಿನ ವರ್ಷಕ್ಕೆ ಮಾಡೆಲ್ ಹಳತಾಗುವ ಭಯವೊಂದೇ ಕಾರಣವಲ್ಲ, ಈ ಬಡ್ಡಿಯ ಮೀಟರೂ ಕಾರಣ. ಸಾಲದಲ್ಲಿ ತಂದ ಕಾರನ್ನು ಸಾಲದಲ್ಲಿ ಮಾರಿ, ಸಾಲ ಕೊಟ್ಟವರಿಂದ ಕಮಿಷನ್ ಪಡೆಯುವ ಅಂಗಡಿ ಅದು!

ಈ ಕಮಿಷನ್ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಬ್ರಿಟನ್ನಿನಲ್ಲಿ ಕೋರ್ಟಿನ ದಾಖಲೆಯೇ ಸಿಕ್ಕಿದೆ. ಅಲ್ಲಿ 2017ರಲ್ಲಿ ಒಬ್ಬರು ಹಳೇ ಸುಜುಕಿ ಸ್ವಿಫ್ಟ್ ಕೊಂಡರು, ಡೀಲರ್ ಮಾಡಿಸಿಕೊಟ್ಟ ಸಾಲದಲ್ಲಿ. ಡೀಲರಿಗೆ ಸಾಲ ಕೊಟ್ಟವರಿಂದ ಹೋದ ಕಮಿಷನ್ ಆ ಗ್ರಾಹಕರು ಸಾಲಕ್ಕಾಗಿ ತೆತ್ತ ಒಟ್ಟು ಖರ್ಚಿನ ಶೇ 55! ಬಡ್ಡಿಯ ಅರ್ಧಕ್ಕಿಂತ ಹೆಚ್ಚು ಭಾಗ ಸಾಲ ಕೊಟ್ಟವರಿಗಲ್ಲ, ಕಾರು ತೋರಿಸಿದವರಿಗೆ! 2025ರ ಆಗಸ್ಟ್ 1ರಂದು ಅಲ್ಲಿನ ಸುಪ್ರೀಂ ಕೋರ್ಟು ಇಂಥ ಪ್ರಕರಣಗಳಲ್ಲಿ ಸಾಲದ ಕಂಪನಿಗಳ ಬಹುಪಾಲು ವಾದವನ್ನು ಎತ್ತಿಹಿಡಿಯಿತಾದರೂ ಈ ಒಂದು ಪ್ರಕರಣವನ್ನು ಮಾತ್ರ ಅನ್ಯಾಯವೆಂದೇ ತೀರ್ಮಾನಿಸಿತು. ಬಡ್ಡಿ ದರ ಏರಿಸಿದಷ್ಟೂ ಡೀಲರ್ ಕಮಿಷನ್ ಏರುವ ಪದ್ಧತಿಯನ್ನು ಅಲ್ಲಿ 2021ರಲ್ಲೇ ನಿಷೇಧಿಸಿದ್ದರು. ಅಂದರೆ ಅಲ್ಲಿಯವರೆಗೆ ಅದು ಸರಾಗವಾಗಿ ನಡೆದಿತ್ತು.

ಇಂಥ ಅಂಗಡಿಯನ್ನು ಮೊದಲು ಕಟ್ಟಿದವರು ಯಾರು ಎಂದು ಹುಡುಕುತ್ತಾ ಹೋದರೆ ಅಮೆರಿಕದ ಡೆಟ್ರಾಯಿಟ್ ಸಿಗುತ್ತದೆ. ನೂರು ವರ್ಷದ ಹಿಂದೆ ಅಲ್ಲಿನ ಬ್ಯಾಂಕುಗಳು ಕಾರಿಗೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತಿದ್ದವು. ಜನರಲ್ ಮೋಟರ್ಸ್ 1919ರಲ್ಲಿ ತನ್ನದೇ ಸಾಲದ ಕಂಪನಿ ತೆರೆಯಿತು. ಮೊದಲಿಗೆ ಅದು ಡೀಲರುಗಳಿಗೆ ಕಾರು ತರಲು ಸಾಲ ಕೊಡುತ್ತಿತ್ತು, ಆಮೇಲೆ ಗಿರಾಕಿಗಳಿಗೂ ಕೊಡತೊಡಗಿತು. ಎದುರಾಳಿ ಹೆನ್ರಿ ಫೋರ್ಡಿಗೆ ಸಾಲವೆಂದರೆ ಆಗದು. ಆತ 1923ರಲ್ಲಿ ಬೇರೆಯೇ ದಾರಿ ಹಿಡಿದ. ವಾರಕ್ಕೆ ಐದು ಡಾಲರಿನಂತೆ ಕಟ್ಟುತ್ತಾ ಬನ್ನಿ, ಅದು ಬ್ಯಾಂಕಿನಲ್ಲಿರುತ್ತದೆ, ಬಡ್ಡಿಯೂ ಸೇರುತ್ತದೆ, ಕಾರಿನ ಬೆಲೆಯಷ್ಟು ಆದ ದಿನ ಬಂದು ಗಾಡಿ ತೆಗೆದುಕೊಂಡು ಹೋಗಿ ಎಂದ. ಸಾಲವಿಲ್ಲ, ಬಡ್ಡಿಯ ಹೊರೆ ಇಲ್ಲ. ಲೆಕ್ಕದಲ್ಲಿ ಇದಕ್ಕಿಂತ ಚೊಕ್ಕ ಯೋಜನೆ ಇನ್ನೊಂದಿಲ್ಲ. ಅದು ನೆಲಕಚ್ಚಿತು! ಪಕ್ಕದ ರಸ್ತೆಯಲ್ಲಿ ಇವತ್ತೇ ಕೀಲಿ ಕೈಗೆ ಕೊಟ್ಟು ಆಮೇಲೆ ಕಟ್ಟಿ ಎನ್ನುತ್ತಿದ್ದರೆ ವಾರ ವಾರ ಕಟ್ಟಿ ಕಾಯುವವರು ಯಾರು? 1920ರ ದಶಕದ ಮಧ್ಯದ ಹೊತ್ತಿಗೆ ಅಮೆರಿಕದಲ್ಲಿ ಹೊಸ ಕಾರುಗಳ ಪೈಕಿ ಮುಕ್ಕಾಲು ಪಾಲು ಕಂತಿನ ಮೇಲೆ ಹೋಗುತ್ತಿದ್ದವು. 1927ರಲ್ಲಿ ಜನರಲ್ ಮೋಟರ್ಸಿನ ಷೆವ್ರೊಲೆ ಫೋರ್ಡನ್ನು ಹಿಂದಿಕ್ಕಿತು. ಅದಕ್ಕೆ ಕಾರಣಗಳು ಹಲವು, ಸಾಲವೂ ಅದರಲ್ಲೊಂದು. 1928ರಲ್ಲಿ ಫೋರ್ಡ್ ಕೂಡ ಸಾಲದ ಕಂಪನಿ ತೆರೆದ.

ಅದೇ 1928! ಮೈ ಜುಮ್ಮೆನ್ನುವುದು ಇಲ್ಲಿ. ಫೋರ್ಡ್ ಸೋತು ಸಾಲಕ್ಕೆ ಶರಣಾದ ಅದೇ ವರ್ಷ ನಮ್ಮ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಎತ್ತಿಕೊಂಡು ಹೋಗುತ್ತಿದ್ದರು. ಡೆಟ್ರಾಯಿಟಿನಲ್ಲಿ ಬಿದ್ದುಹೋದ ‘ಮೊದಲು ಕೂಡಿಡು’ ಎಂಬ ಉಪಾಯ ಉಡುಪಿಯಲ್ಲಿ ಬೇರುಬಿಟ್ಟು, ಪಿಗ್ಮಿ ಎಂಬುದು ಕರ್ನಾಟಕದ ಮನೆಮಾತೇ ಆಗಿಹೋಯಿತು. ಇಬ್ಬರ ಗುರಿಯೂ ಬೇರೆ, ಊರೂ ಬೇರೆ, ಒಪ್ಪುತ್ತೇನೆ. ಫೋರ್ಡಿನ ಎದುರು ಇವತ್ತೇ ಕಾರು ಕೊಡುವ ಜನರಲ್ ಮೋಟರ್ಸ್ ಇತ್ತು, ಪಿಗ್ಮಿ ಏಜೆಂಟರ ಎದುರು ಅಂಥವರು ಇರಲಿಲ್ಲ. ಆದರೂ ಈ ಎರಡನ್ನು ಒಟ್ಟಿಗಿಟ್ಟು ನೋಡಿದಾಗಲೇ ನನಗೆ ಇಡೀ ವಿಷಯ ಬೆಳಗಿದ್ದು. ಕ್ಯಾಶ್ ಕೊಟ್ಟು ಕಾರು ಕೊಂಡವರೂ ಕಂತು ಕಟ್ಟಿಯೇ ಇರುತ್ತಾರೆ! ಅವರು ಮುಂಚೆ ಕಟ್ಟಿದ್ದರು, ತಮಗೇ ಕಟ್ಟಿಕೊಂಡಿದ್ದರು. ಸಾಲದವರು ಆಮೇಲೆ ಕಟ್ಟುತ್ತಾರೆ, ಬೇರೆಯವರಿಗೆ ಕಟ್ಟುತ್ತಾರೆ. ಇರುವುದು ಒಂದೇ ಕಂತು, ಹರಿಯುವ ದಿಕ್ಕು ಎರಡು.

ಆ ದಿಕ್ಕಿನ ಬೆಲೆ ಎಷ್ಟು? ಎಂಟು ಲಕ್ಷವನ್ನು ಐದು ವರ್ಷದಲ್ಲಿ ತೀರಿಸಲು ಒಂಬತ್ತು ಪರ್ಸೆಂಟಿನಲ್ಲಿ ತಿಂಗಳಿಗೆ 16,607 ಬೇಕು ಎಂದೆವು. ಅದೇ ಎಂಟು ಲಕ್ಷವನ್ನು ಐದು ವರ್ಷದಲ್ಲಿ ಕೂಡಿಸಲು ಏಳು ಪರ್ಸೆಂಟಿನ ಆರ್‌ಡಿಯಲ್ಲಿ ತಿಂಗಳಿಗೆ ಎಷ್ಟು ಸಾಕು? 11,186! ತಿಂಗಳಿಗೆ 5,400 ರೂಪಾಯಿಯ ಅಂತರ! ಅಥವಾ 16,607ನ್ನೇ ಕೂಡಿಸುತ್ತಾ ಹೋದರೆ ಅರವತ್ತು ತಿಂಗಳು ಕಾಯಬೇಕಾಗಿಲ್ಲ, 43 ತಿಂಗಳಿಗೆ ಎಂಟು ಲಕ್ಷ ಕೈಗೆ. ಅಷ್ಟರಲ್ಲಿ ಕಾರಿನ ಬೆಲೆ ಏರಿರುತ್ತದೆ ಎನ್ನಿ, ಅದು ನಿಜ. ಆ 43 ತಿಂಗಳು ಮಳೆಯಲ್ಲಿ ಮಕ್ಕಳನ್ನು ಸ್ಕೂಟರಿನಲ್ಲಿ ಕರೆದೊಯ್ಯಬೇಕು ಎನ್ನಿ, ಅದೂ ನಿಜ. ಬಡ್ಡಿ ಕೊಟ್ಟು ನಾವು ಕೊಳ್ಳುವುದು ಆ ತಿಂಗಳುಗಳನ್ನೇ. ಕೆಲವರಿಗೆ ಅದು ಆ ಬೆಲೆಗೆ ತಕ್ಕ ಸರಕೇ ಹೌದು.

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಈ ಹರಿವು ಪೂರಾ ಉಲ್ಟಾ ಇತ್ತು ಎನ್ನುವುದು ಇಂದಿನ ಹುಡುಗರಿಗೆ ಗೊತ್ತೇ? 1983ರಲ್ಲಿ ಮಾರುತಿ ಬುಕಿಂಗ್ ತೆರೆದಾಗ ಐವತ್ತು ಸಾವಿರದ ಆಸುಪಾಸಿನ ಕಾರಿಗೆ ಜನ ಹತ್ತು ಸಾವಿರ ಮುಂಗಡ ಕಟ್ಟಿ ತಮ್ಮ ಸರದಿಗಾಗಿ ಕಾದರು. ಗಿರಾಕಿಯೇ ಕಂಪನಿಗೆ ಸಾಲ ಕೊಟ್ಟಂತೆ! ಮೊದಲ ಕೀಲಿ ಕೈಗೆ ಸಿಕ್ಕಿದ್ದು ಆ ವರ್ಷದ ಡಿಸೆಂಬರ್ 14ರಂದು, ಅದೂ ಪ್ರಧಾನಿ ಇಂದಿರಾ ಗಾಂಧಿ ಕೈಯಿಂದ. ಇನ್ನೊಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಕಂತಿನ ವ್ಯಾಪಾರಕ್ಕೆಂದೇ ಸಂಸತ್ತು 1972ರಲ್ಲಿ ಬಾಡಿಗೆ ಖರೀದಿ ಕಾಯ್ದೆ ಮಾಡಿತು. ಅದು ಒಂದು ದಿನವೂ ಜಾರಿಗೆ ಬರಲಿಲ್ಲ. 2005ರಲ್ಲಿ ಅದನ್ನು ರದ್ದು ಮಾಡಲು ಇನ್ನೊಂದು ಕಾಯ್ದೆ ಮಾಡಬೇಕಾಯಿತು!

ಈಗ ಕೊಟೇಶನ್ ಹಾಳೆ ಕೈಗೆ ತೆಗೆದುಕೊಳ್ಳಿ. ಇಡೀ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಇಎಂಐ. ಯಾಕೆ? ಎಂಟು ಲಕ್ಷದ ಸಾಲಕ್ಕೆ ಬಡ್ಡಿ ಒಂಬತ್ತರಿಂದ ಹತ್ತಕ್ಕೆ ಏರಿದರೆ ಕಂತು ಏರುವುದು 391 ರೂಪಾಯಿ. ಒಂದು ಸಲದ ಹೋಟೆಲ್ ಬಿಲ್ಲು, ಯಾರೂ ಜಗಳ ಆಡುವುದಿಲ್ಲ. ಐದು ವರ್ಷಕ್ಕೆ ಅದು 23,457! ‘ನಮ್ಮಲ್ಲೇ ಲೋನ್ ಮಾಡಿಸಿದರೆ ಇಪ್ಪತ್ತು ಸಾವಿರ ಎಕ್ಸ್‌ಟ್ರಾ ಡಿಸ್ಕೌಂಟು ಸರ್’ ಎಂಬ ಮಾತು ಕೇಳಿದಾಗ ಈ ಅಂಕಿ ನೆನಪಿರಲಿ. ನಿಮ್ಮ ಬ್ಯಾಂಕು ಒಂಬತ್ತಕ್ಕೆ ಕೊಡುವಾಗ ಅಲ್ಲಿ ಹತ್ತಕ್ಕೆ ಸಹಿ ಹಾಕಿದರೆ ಇಪ್ಪತ್ತು ಸಾವಿರ ಬಂದು, ಇಪ್ಪತ್ತಮೂರು ಸಾವಿರದ ಚಿಲ್ಲರೆ ಹೋಯಿತು. ಎರಡೂ ಕಡೆ ಒಂದೇ ದರ ಇದ್ದರೆ ಆ ಡಿಸ್ಕೌಂಟು ಅಸಲಿ, ಕಣ್ಣುಮುಚ್ಚಿ ತೆಗೆದುಕೊಳ್ಳಿ.

ಫ್ಲಾಟ್ ರೇಟ್ ಎಂಬುದೊಂದಿದೆ, ಹಳೇ ಗಾಡಿಗಳ ಸಾಲದಲ್ಲಿ ಹೆಚ್ಚು ಕಿವಿಗೆ ಬೀಳುವುದು. ‘ಬರೀ ಒಂಬತ್ತು ಪರ್ಸೆಂಟ್ ಫ್ಲಾಟ್’ ಎನ್ನುತ್ತಾರೆ. ಎಂಟು ಲಕ್ಷಕ್ಕೆ ಐದು ವರ್ಷ ಪೂರ್ತಿ ಒಂಬತ್ತರಂತೆ ಮೂರು ಲಕ್ಷ ಅರವತ್ತು ಸಾವಿರ ಬಡ್ಡಿ ಹಾಕಿ ಅರವತ್ತು ಕಂತಿಗೆ ಹಂಚುತ್ತಾರೆ. ತಿಂಗಳಿಗೆ 19,333. ಆದರೆ ನೀವು ತಿಂಗಳು ತಿಂಗಳೂ ಅಸಲು ಇಳಿಸುತ್ತಿದ್ದೀರಲ್ಲ! ತೀರಿದ ಅಸಲಿಗೂ ಬಡ್ಡಿ ಹಿಡಿದ ಈ ಸಾಲದ ನಿಜವಾದ ದರ ವರ್ಷಕ್ಕೆ 15.7ರಷ್ಟು. ಒಂಬತ್ತು ಎಂಬ ಅಂಕಿಯ ಒಳಗೆ ಹದಿನೈದು ಮುಕ್ಕಾಲು ಅಡಗಿ ಕೂತಿತ್ತು!

ಇದಕ್ಕೆ ಮದ್ದು ಬಂದಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಎಲ್ಲ ಹೊಸ ರೀಟೇಲ್ ಸಾಲಗಳಿಗೂ ರಿಸರ್ವ್ ಬ್ಯಾಂಕ್ ನಿಯಮದಂತೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಬಡ್ಡಿ, ಪ್ರೊಸೆಸಿಂಗ್ ಫೀ, ಸಾಲಕ್ಕೆ ಅಂಟಿಸಿದ ಇನ್ಶೂರೆನ್ಸು, ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬ ಎಪಿಆರ್ ಅದರಲ್ಲಿ ಇರಬೇಕು, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಶೋರೂಮಿನ ಮೇಜಿನ ಮೇಲೆ ಬ್ಯಾಂಕು ಬ್ಯಾಂಕುಗಳ ಪಾಂಪ್ಲೆಟ್ಟು ಹರಡಿದಾಗ ಹೋಲಿಸಬೇಕಾದ ಅಂಕಿ ಅದೊಂದೇ. ಅದನ್ನು ಕೇಳುವ ಗಿರಾಕಿಗಳು ಕಡಿಮೆ. ಕೇಳಿ ನೋಡಿ, ಕೂತವರು ನೆಟ್ಟಗಾಗುತ್ತಾರೆ.

ಕರ್ನಾಟಕದವರು ನೋಡಲೇಬೇಕಾದ ಇನ್ನೊಂದು ಅದ್ಭುತ ಅದೇ ಕೊಟೇಶನ್ ಹಾಳೆಯಲ್ಲಿದೆ. ನಮ್ಮಲ್ಲಿ ಜೀವಾವಧಿ ತೆರಿಗೆ ದೇಶದಲ್ಲೇ ದುಬಾರಿಯವುಗಳ ಸಾಲಿನದು. ಐದು ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ಶೇ 13, ಹತ್ತು ಲಕ್ಷದವರೆಗೆ 14, ಹತ್ತು ದಾಟಿದರೆ 17, ಇಪ್ಪತ್ತು ದಾಟಿದರೆ 18, ಮೇಲೆ ಸೆಸ್. ಹನ್ನೆರಡು ಲಕ್ಷದ ಕಾರಿಗೆ ಸೆಸ್ ಬಿಟ್ಟರೂ 2,04,000 ತೆರಿಗೆ. ‘ಆನ್ ರೋಡ್ ನೂರಕ್ಕೆ ನೂರು ಫಂಡಿಂಗ್ ಸರ್, ಕೈಯಿಂದ ಏನೂ ಬೇಡ’ ಎಂದಾಗ ಸಾಲದೊಳಗೆ ಈ ತೆರಿಗೆಯೂ ಬಂದು ಕೂರುತ್ತದೆ. ಒಂಬತ್ತರಂತೆ ಐದು ವರ್ಷಕ್ಕೆ ಬರೀ ಆ ತೆರಿಗೆಯ ಮೇಲೆ ಬೀಳುವ ಬಡ್ಡಿ ಐವತ್ತು ಸಾವಿರ! ಸರ್ಕಾರಕ್ಕೆ ಕಟ್ಟಿದ ತೆರಿಗೆಗೆ ಬ್ಯಾಂಕಿಗೆ ಬಡ್ಡಿ. ತೆರಿಗೆ, ಇನ್ಶೂರೆನ್ಸುಗಳನ್ನಾದರೂ ಕೈಯಿಂದ ಕಟ್ಟುವುದು ಎಷ್ಟೋ ವಾಸಿ. ಹತ್ತು ಲಕ್ಷ ದಾಟಿದ ಕಾರಿಗೆ ಶೇ 1 ಟಿಸಿಎಸ್ ಎಂದು ಹಿಡಿಯುತ್ತಾರಲ್ಲ, ಅದು ಖರ್ಚಲ್ಲ. ನಿಮ್ಮ ಪ್ಯಾನ್ ಲೆಕ್ಕದಲ್ಲಿ ಜಮೆಯಾಗಿರುತ್ತದೆ, ರಿಟರ್ನ್ ಸಲ್ಲಿಸುವಾಗ ಮರೆಯಬೇಡಿ.

ಹಾಗಾದರೆ ಸಾಲವೇ ಬೇಡವೇ? ಹಾಗೆ ಹೇಳುವ ಧೈರ್ಯ ನನಗಿಲ್ಲ. ಕೈಯಲ್ಲಿದ್ದ ಕೊನೆಯ ರೂಪಾಯಿಯನ್ನೂ ಕಾರಿಗೆ ಸುರಿದು, ಮರುತಿಂಗಳು ಆಸ್ಪತ್ರೆ ಖರ್ಚು ಬಂದು ಒಂಬತ್ತಕ್ಕಿಂತ ಎಷ್ಟೋ ಹೆಚ್ಚಿನ ಬಡ್ಡಿಗೆ ಪರ್ಸನಲ್ ಲೋನ್ ಎತ್ತುವುದು ಜಾಣತನವಲ್ಲ. ಕಾರನ್ನು ವ್ಯಾಪಾರಕ್ಕೆ ಓಡಿಸುವವರಿಗೆ ಬಡ್ಡಿಯೂ ಖರ್ಚಿನ ಲೆಕ್ಕಕ್ಕೆ ಬರುತ್ತದೆ, ಅವರ ತಕ್ಕಡಿಯೇ ಬೇರೆ. ನಮ್ಮ ಭಾವ ಕೊನೆಗೆ ಮಾಡಿದ್ದು ನಡುವಿನ ದಾರಿ. ಆರು ಲಕ್ಷ ಕೈಯಿಂದ, ಎರಡು ಲಕ್ಷ ತಮ್ಮ ಸಂಬಳ ಬರುವ ಬ್ಯಾಂಕಿನಲ್ಲಿ ಎರಡು ವರ್ಷಕ್ಕೆ ಸಾಲ. ಉಳಿದ ಎರಡು ಲಕ್ಷ ಆಪತ್ತಿಗೆಂದು ಬ್ಯಾಂಕಿನಲ್ಲೇ. ಈ ಸಾಲದ ಒಟ್ಟು ಬಡ್ಡಿ ಲೆಕ್ಕ ಹಾಕಿದಾಗ ನಾನು ಎರಡು ಸಲ ನೋಡಿದೆ: 19,287! ಸಾಲ ಕಾಲು ಭಾಗಕ್ಕೆ ಇಳಿಯಿತು, ಬಡ್ಡಿ ಹತ್ತನೇ ಒಂದಕ್ಕೆ ಇಳಿಯಿತು. ಮೊತ್ತ ಮತ್ತು ಅವಧಿ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಬಡ್ಡಿ ಹೀಗೆ ಪಾತಾಳಕ್ಕೆ ಬೀಳುತ್ತದೆ.

ಇನ್ನೊಂದು ಚಾಲಾಕಿ ಕೇಳಿಬರುತ್ತದೆ: ಡಿಸ್ಕೌಂಟಿಗಾಗಿ ಶೋರೂಮಿನ ಸಾಲವನ್ನೇ ತೆಗೆದುಕೊಂಡು ಸ್ವಲ್ಪ ದಿನಕ್ಕೆ ತೀರಿಸಿಬಿಡುವುದು. ಸಹಿಗೆ ಮುಂಚೆ ಒಂದು ಪ್ರಶ್ನೆ ಕೇಳಿ: ದರ ಫಿಕ್ಸೆಡ್ಡೋ ಫ್ಲೋಟಿಂಗೋ? ಸ್ವಂತ ಬಳಕೆಗೆ ವ್ಯಕ್ತಿಗಳು ಪಡೆದ ಫ್ಲೋಟಿಂಗ್ ಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ. 2026ರ ಜನವರಿ 1ರಿಂದ ಮಂಜೂರಾದ ಸಾಲಗಳಿಗೆ ರಿಸರ್ವ್ ಬ್ಯಾಂಕ್ ಇದನ್ನು ಬ್ಯಾಂಕು, ಫೈನಾನ್ಸ್ ಕಂಪನಿ ಎಲ್ಲರಿಗೂ ಅನ್ವಯಿಸಿದೆ. ಆದರೆ ಕಾರು ಸಾಲ ಬಹಳಷ್ಟು ಫಿಕ್ಸೆಡ್ಡೇ. ಅಲ್ಲಿ ಫೋರ್‌ಕ್ಲೋಶರ್ ಚಾರ್ಜು ಡಿಸ್ಕೌಂಟನ್ನು ನುಂಗಿ ನೀರು ಕುಡಿಯಬಹುದು.

ಚೌಕಾಸಿಯ ವಿಷಯಕ್ಕೆ ಬಂದರೆ, ಭಾವ ಮಾಡಿದ್ದರಲ್ಲಿ ಒಂದನ್ನು ನಾನು ಮಾಡುವುದಿಲ್ಲ. ಕೂತ ತಕ್ಷಣ ‘ಫುಲ್ ಕ್ಯಾಶ್’ ಎನ್ನುವುದಿಲ್ಲ. ‘ಲೋನ್ ಬೇಡ’ ಎಂದೂ ಹೇಳುವುದಿಲ್ಲ, ‘ಬೇಕು’ ಎಂದೂ ಹೇಳುವುದಿಲ್ಲ. ಮೊದಲು ಆನ್ ರೋಡ್ ದರ ಸಾಲುಸಾಲಾಗಿ ಬರೆದು ಕೊಡಲಿ: ಎಕ್ಸ್ ಶೋರೂಮ್, ತೆರಿಗೆ, ಇನ್ಶೂರೆನ್ಸು, ಫಾಸ್ಟ್ಯಾಗು, ಆಕ್ಸೆಸರೀಸು, ಡಿಸ್ಕೌಂಟು. ಪೇಔಟಿನ ಆಸೆ ಜೀವಂತ ಇರುವಾಗ ಡೀಲರ ಕೈ ಕೊಂಚ ಸಡಿಲ. ಹಾಳೆಯ ಮೇಲೆ ಸಹಿ, ಸೀಲು ಬಿದ್ದ ಮೇಲೆ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಮಾತು. ನಿಮ್ಮ ಬ್ಯಾಂಕಿನಲ್ಲಿ ಸ್ಯಾಂಕ್ಷನ್ ಆಗಿದ್ದರೆ ಬ್ಯಾಂಕು ಡೀಲರ ಹೆಸರಿಗೇ ದುಡ್ಡು ಕಳಿಸುತ್ತದೆ. ಡೀಲರಿಗೆ ಕಾರಿನ ಬೆಲೆಯ ಮಟ್ಟಿಗೆ ಅದೂ ಕ್ಯಾಶೇ, ಪೇಔಟ್ ಮಾತ್ರ ಇಲ್ಲ. ಇನ್ಶೂರೆನ್ಸನ್ನೂ ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ಹೊರಗಿನ ದರ ಮೊಬೈಲಿನಲ್ಲಿ ತೋರಿಸಿದರೆ ಒಳಗಿನ ದರ ಕಣ್ಣೆದುರೇ ಇಳಿಯುವುದನ್ನು ನೋಡಬಹುದು.

ಇನ್ನು ಸಾಲ ಮಾಡಿದವರ ಆರ್‌ಸಿಯಲ್ಲಿ ಒಂದು ಸಾಲು ಬರೆದಿರುತ್ತದೆ, ಫೈನಾನ್ಸ್ ಕೊಟ್ಟವರ ಹೆಸರು. ಕಾರು ನಿಮ್ಮ ಮನೆಮುಂದೆ ನಿಂತಿದ್ದರೂ ಆ ಸಾಲು ಇರುವ ತನಕ ಅವರ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಬೆರಗು ಏನೆಂದರೆ ಕೊನೆಯ ಕಂತು ಕಟ್ಟಿದ ದಿನ ಅದು ತಾನಾಗಿ ಅಳಿಸಿಹೋಗುವುದಿಲ್ಲ! ಸಾಲ ತೀರಿತೆಂಬ ಎನ್‌ಒಸಿ ಮನೆಗೆ ಬರುತ್ತದೆ, ಬೀರುವಿಗೆ ಹೋಗುತ್ತದೆ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆ ಸಾಲನ್ನು ಅಳಿಸಲು, ಅಂದರೆ ಎಚ್‌ಪಿ ಕ್ಯಾನ್ಸಲ್ ಮಾಡಿಸಲು, ಬ್ಯಾಂಕಿನವರ ಸಹಿ, ಸೀಲು ಇರುವ ಫಾರಂ 35 ಎರಡು ಪ್ರತಿ, ಎನ್‌ಒಸಿ, ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸು, ಹೊಗೆ ತಪಾಸಣೆ ಸರ್ಟಿಫಿಕೇಟು ಹಿಡಿದು ಆರ್‌ಟಿಒ ಮೆಟ್ಟಿಲು ಹತ್ತಬೇಕು, ಇಲ್ಲವೇ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಇನ್ಶೂರೆನ್ಸ್ ಪಾಲಿಸಿಯಲ್ಲೂ ಅದೇ ಬ್ಯಾಂಕಿನ ಹೆಸರಿರುತ್ತದೆ, ಅದನ್ನೂ ತೆಗೆಸಬೇಕು. ಇಲ್ಲದಿದ್ದರೆ ಕಾರು ಕಳುವಾದ ದಿನ, ಎಂದೋ ತೀರಿದ ಸಾಲದ ಎನ್‌ಒಸಿ ಎಲ್ಲಿ ಎಂದು ಇನ್ಶೂರೆನ್ಸ್ ಕಂಪನಿ ಕೇಳುತ್ತದೆ.